ಎನ್‌ಐಎಸ್ ಮ್ಯಾಪ್ ಕಟ್ಟುವುದು ಹೇಗೆ?

ನಿಮ್ಮ ಲ್ಯಾಬಿನಲ್ಲಿ ನಲವತ್ತು ಯೂನಿಕ್ಸ್ ಯಂತ್ರಗಳಿವೆ ಅಂದುಕೊಳ್ಳಿ. ಹೊಸಬರೊಬ್ಬರು ಸೇರಿದರೆ ನಲವತ್ತು ಕಡೆಯೂ ಪಾಸ್‌ವರ್ಡ್ ಫೈಲ್ ತಿದ್ದುವುದು ಆಗದ ಮಾತು, ಅಲ್ವಾ? ಈ ಪಾಡು ತಪ್ಪಿಸಲೆಂದೇ ಸನ್ ಮೈಕ್ರೋಸಿಸ್ಟಮ್ಸ್ 1980ರ ದಶಕದಲ್ಲಿ, ಪಟ್ಟಿಯನ್ನು ಸರ್ವರಿನಲ್ಲಿಟ್ಟು ಎಲ್ಲ ಯಂತ್ರಗಳಿಗೂ ಒದಗಿಸುವ ಎನ್‌ಐಎಸ್ (ನೆಟ್‌ವರ್ಕ್ ಇನ್ಫರ್ಮೇಶನ್ ಸರ್ವಿಸ್) ತಂದಿತು. ಅದರ ಮೊದಲ ಹೆಸರು ಯೆಲ್ಲೊ ಪೇಜಸ್. ಬ್ರಿಟನ್ನಿನಲ್ಲಿ ಆ ಹೆಸರು ಬ್ರಿಟಿಷ್ ಟೆಲಿಕಾಂನ ಟ್ರೇಡ್‌ಮಾರ್ಕ್ ಆಗಿತ್ತು, ಹಾಗಾಗಿ ಬದಲಾಯಿಸಬೇಕಾಯಿತು. ಕಮಾಂಡುಗಳ ಮುಂದಿನ 'ವೈಪಿ' ಮಾತ್ರ ಇವತ್ತಿಗೂ ಹಾಗೇ ಇದೆ.

ಒಂದು ವಿಷಯ ಮೊದಲೇ ಗೊತ್ತಿರಲಿ. ನೀವು ತಿದ್ದುವ ಫೈಲನ್ನು ಎನ್‌ಐಎಸ್ ಸರ್ವರ್ ನೇರವಾಗಿ ಓದುವುದಿಲ್ಲ. ಅದರಿಂದ ಕಟ್ಟಿದ ಡಿಬಿಎಂ ಫೈಲನ್ನು, ಅಂದರೆ ಬೇಗ ಹುಡುಕಲು ಜೋಡಿಸಿಟ್ಟ ಪುಟ್ಟ ಡೇಟಾಬೇಸನ್ನು, ಓದುತ್ತದೆ. ಅದೇ ಮ್ಯಾಪ್.

ಮೊದಲು 'ಡೊಮೇನ್‌ನೇಮ್' ಕಮಾಂಡಿನಿಂದ ಎನ್‌ಐಎಸ್ ಡೊಮೇನಿಗೆ, ಅಂದರೆ ಒಂದೇ ಮ್ಯಾಪುಗಳನ್ನು ಬಳಸುವ ಯಂತ್ರಗಳ ಗುಂಪಿಗೆ, ಹೆಸರಿಡಿ. ಸುಲಭಕ್ಕೆ ಊಹಿಸಲಾಗದ ಹೆಸರಾದರೆ ಒಳ್ಳೆಯದು. ಆಮೇಲೆ ಮ್ಯಾಪ್ ಕಟ್ಟುವ ಮಾಸ್ಟರ್ ಸರ್ವರಿನಲ್ಲಿ 'ವೈಪಿಇನಿಟ್ -ಎಂ' ಓಡಿಸಿ. ಮ್ಯಾಪುಗಳ ನಕಲು ಇಟ್ಟುಕೊಳ್ಳುವ ಸ್ಲೇವ್ ಸರ್ವರುಗಳ ಹೆಸರು ಕೇಳುತ್ತದೆ. ಕೊಟ್ಟು ಮುಗಿದ ಮೇಲೆ ಕಂಟ್ರೋಲ್-ಡಿ ಒತ್ತಿ. 'ವಾರ್' ಕೆಳಗಿನ 'ವೈಪಿ' ಡೈರೆಕ್ಟರಿಯೊಳಗೆ ನಿಮ್ಮ ಡೊಮೇನಿನ ಹೆಸರಲ್ಲೇ ಒಂದು ಡೈರೆಕ್ಟರಿ ಹುಟ್ಟಿ, ಮ್ಯಾಪುಗಳು ಅಲ್ಲಿ ಕೂರುತ್ತವೆ.

ಅಲ್ಲಿ ಪಾಸ್‌ವರ್ಡ್ ಫೈಲಿಗೆ ಎರಡು ಮ್ಯಾಪ್ ಕಾಣುತ್ತವೆ: ಒಂದು 'ಬೈನೇಮ್', ಇನ್ನೊಂದು 'ಬೈಯುಐಡಿ'. ಯಾಕೆ ಎರಡು? ಡಿಬಿಎಂ ಹುಡುಕುವುದು ಕೀ (ಹುಡುಕುವ ಪದ) ಹಿಡಿದು ಮಾತ್ರ. ಲಾಗಿನ್ ಆಗುವಾಗ ಯಂತ್ರ ಹೆಸರು ಕೊಟ್ಟು ಕೇಳುತ್ತದೆ. 'ಎಲ್‌ಎಸ್ -ಎಲ್' ಹೊಡೆದು ಫೈಲುಗಳ ಪಟ್ಟಿ ನೋಡುವಾಗ ಒಡೆಯರ ಯೂಸರ್ ನಂಬರ್ (ಯುಐಡಿ) ಕೊಟ್ಟು ಹೆಸರು ಕೇಳುತ್ತದೆ. ಫೈಲಿನಲ್ಲಿ ಹೀಗೆ ಶುರುವಾಗುವ ಸಾಲೊಂದಿದೆ ಅನ್ನಿ (1042 ಎಂಬುದು ಯುಐಡಿ):

ರಮ್ಯಾ:ಎಕ್ಸ್:1042:100

ಮ್ಯಾಪ್ ಕಟ್ಟುವ ಕಮಾಂಡುಗಳಿರುವ ಮೇಕ್‌ಫೈಲಿನೊಳಗಿನ 'ಆಕ್' (ಸಾಲುಗಳನ್ನು ಬೇಕಾದಂತೆ ಜೋಡಿಸುವ ಕಮಾಂಡ್) ಮೊದಲ ಮ್ಯಾಪಿಗೆ ಈ ಸಾಲಿನ ಮುಂದೆ 'ರಮ್ಯಾ' ಎಂದು ಸೇರಿಸುತ್ತದೆ, ಎರಡನೆಯದಕ್ಕೆ '1042' ಎಂದು. ಅದನ್ನು ಡಿಬಿಎಂ ಫೈಲ್ ಕಟ್ಟುವ 'ಮೇಕ್‌ಡಿಬಿಎಂ'ಗೆ ದಾಟಿಸುತ್ತದೆ. ಮೇಕ್‌ಡಿಬಿಎಂನ ಲೆಕ್ಕ ಸರಳ: ಸಾಲಿನ ಮೊದಲ ಪದ ಕೀ, ಜಾಗ ಬಿಟ್ಟು ಮುಂದಿರುವುದೆಲ್ಲ ಅದರ ಮಾಹಿತಿ.

ಇಷ್ಟು ತಿಳಿದರೆ ನಿಮ್ಮದೇ ಮ್ಯಾಪನ್ನೂ ಕಟ್ಟಬಹುದು. ಕೋಣೆ ನಂಬರ್, ಪಕ್ಕದಲ್ಲಿ ಫೋನ್ ನಂಬರ್ ಬರೆದ ಫೈಲ್ ಮಾಡಿ. ಮೇಕ್‌ಡಿಬಿಎಂಗೆ ಮೊದಲು ಆ ಫೈಲಿನ ಹೆಸರು, ನಂತರ ಡೊಮೇನ್ ಡೈರೆಕ್ಟರಿಯಲ್ಲಿ ಮ್ಯಾಪಿಗೆ ಬೇಕಾದ ಹೆಸರು ಕೊಡಿ. 'ಮೇಕ್‌ಡಿಬಿಎಂ -ಯು' ಅದನ್ನು ಬಿಚ್ಚಿ ತೋರಿಸುತ್ತದೆ. ನೀವು ಬರೆಯದ ಒಂದೆರಡು ಸಾಲು ಕಂಡರೆ ಗಾಬರಿ ಬೇಡ. ಮಾಸ್ಟರ್ ಯಾವುದು, ಕಟ್ಟಿದ್ದು ಯಾವಾಗ ಎಂಬುದನ್ನು ಅದು ತಾನೇ ಬರೆದಿಟ್ಟುಕೊಳ್ಳುತ್ತದೆ.

ಪಾಸ್‌ವರ್ಡ್ ಮ್ಯಾಪ್ ಕಟ್ಟುವಾಗ ರೂಟ್ (ಯಂತ್ರದ ಪೂರ್ತಿ ಅಧಿಕಾರವಿರುವ ಖಾತೆ) ಅದರಲ್ಲಿ ಸೇರದಂತೆ ನೋಡಿಕೊಳ್ಳಿ. ಲಿನಕ್ಸಿನಲ್ಲಿ ಇದಕ್ಕೆಂದೇ ಮೇಕ್‌ಫೈಲಿನಲ್ಲಿ 'ಮಿನ್‌ಯುಐಡಿ' (ಕನಿಷ್ಠ ಯುಐಡಿ) ಇದೆ. ಯಾವ ಯಂತ್ರಗಳು ಕೇಳಬಹುದು ಎಂಬುದನ್ನು 'ಸೆಕ್ಯೂರ್‌ನೆಟ್ಸ್' ಫೈಲಿನಲ್ಲಿ ಬರೆಯಿರಿ. ಇದನ್ನು ಬಿಟ್ಟರೆ ಯಾರು ಬೇಕಾದರೂ 'ವೈಪಿಕ್ಯಾಟ್' ಹೊಡೆದು ಇಡೀ ಪಟ್ಟಿ ಎತ್ತಿಕೊಳ್ಳಬಹುದು.

ಫೈಲ್ ತಿದ್ದಿದಾಗಲೆಲ್ಲ ಆ 'ವೈಪಿ' ಡೈರೆಕ್ಟರಿಗೆ ಹೋಗಿ 'ಮೇಕ್' ಓಡಿಸಲೇಬೇಕು. ಹಿಂದೊಮ್ಮೆ ನಾನು ಇದನ್ನು ಮರೆತು, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅರ್ಧ ದಿನ 'ಲಾಗಿನ್ ಇನ್‌ಕರೆಕ್ಟ್' ನೋಡುತ್ತಾ ಕೂತಿದ್ದಳು. ತಪ್ಪು ತನ್ನದೇ ಎಂದು ಹತ್ತು ಸಲ ಪಾಸ್‌ವರ್ಡ್ ಟೈಪ್ ಮಾಡಿದ್ದಳು. ಈಗ ಮೇಕ್ ಆದ ಕೂಡಲೇ ಬೇರೊಂದು ಯಂತ್ರದಿಂದ 'ವೈಪಿಮ್ಯಾಚ್' ಹೊಡೆದು ಹೊಸ ಹೆಸರು ಕೇಳುತ್ತೇನೆ. ಸಾಲು ಬಂದ ಮೇಲಷ್ಟೇ ಹೊಸಬರನ್ನು ಕರೆದು ಕೂರಿಸುತ್ತೇನೆ.