ನಾಲ್ಕು ಕಾಲಿನ ರೋಬೋಟ್‌ಗೆ ಬಾಗಿಲೆಳೆಯಲು ಕಲಿಸಿದ್ದು: ನನ್ನ ಅನುಭವ

ನಾಲ್ಕು ಕಾಲಿನ ಪುಟ್ಟ ರೋಬೋಟ್ ಒಂದರ ಬೆನ್ನ ಮೇಲೆ ಆರು ಕೀಲುಗಳ ತೋಳು ಕೂರಿಸಿ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲನ್ನು ಅದು ತನ್ನತ್ತ ಎಳೆದು ತೆರೆದು ಒಳಗೆ ನಡೆದುಹೋಗುವಂತೆ ಮಾಡುವುದು ನಾನು ವಹಿಸಿಕೊಂಡಿದ್ದ ಕೆಲಸ. ನಡಿಗೆಯ ತಂತ್ರಾಂಶವೂ ತೋಳಿನ ತಂತ್ರಾಂಶವೂ ಬೇರೆಬೇರೆಯಾಗಿ ಸಿದ್ಧವಿದ್ದವು. ಎರಡನ್ನೂ ಪಕ್ಕಪಕ್ಕ ಓಡಿಸಿದರೆ ಸಾಲದು, ತೋಳು ಎಳೆದಾಗ ಮೈಯ ಸಮತೋಲವೂ ಕದಲುತ್ತದೆ ಎಂಬುದು ಈ ಕ್ಷೇತ್ರದವರಿಗೆ ಗೊತ್ತಿರುವ ಸಂಗತಿಯೇ. 2015ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ನಡೆದ ಡಾರ್ಪಾ (ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ) ರೋಬೋಟಿಕ್ಸ್ ಚಾಲೆಂಜ್ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಬಾಗಿಲಿನ ಎದುರೇ ಉರುಳಿಬಿದ್ದ ರೋಬೋಟ್‌ಗಳಿದ್ದವು. ಗೆದ್ದ ದಕ್ಷಿಣ ಕೊರಿಯಾದ ಹ್ಯೂಬೋ ಎಂಬ ರೋಬೋಟ್ ಮಂಡಿಯೂರಿ ಚಕ್ರಗಳ ಮೇಲೂ ಸಾಗಬಲ್ಲದಾಗಿತ್ತು.

ಮೊದಲು ಹಿಡಿಕೆಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಿಧಾನವಾಗಿ ಎಳೆದು ನೋಡಿದೆ. ಮುಳ್ಳು ನಾಲ್ಕು ಕಿಲೋ ದಾಟಿದಾಗ ಬಾಗಿಲು ಚೌಕಟ್ಟು ಬಿಟ್ಟಿತು. ಅಂದರೆ ಸುಮಾರು 40 ನ್ಯೂಟನ್. ಹಿಡಿಕೆಯ ಎತ್ತರ 80 ಸೆಂ.ಮೀ. ಆಗಿದ್ದರಿಂದ ರೋಬೋಟನ್ನು ಮುಂದಕ್ಕೆ ಮಗುಚಲು ಯತ್ನಿಸುವ ತಿರುಗುಬಲ 32 ನ್ಯೂಟನ್-ಮೀಟರ್. ತೋಳೂ ಸೇರಿ ರೋಬೋಟ್‌ನ ತೂಕ 16 ಕಿಲೋ, ಗುರುತ್ವಕೇಂದ್ರದಿಂದ ಮುಂಗಾಲುಗಳ ಸಾಲಿಗೆ 19 ಸೆಂ.ಮೀ. ಅಂತರ. ಆ ತೂಕ ಆ ಅಂತರದಲ್ಲಿ ತಡೆದುಕೊಳ್ಳಬಲ್ಲದ್ದು 30 ನ್ಯೂಟನ್-ಮೀಟರ್ ಮಾತ್ರ. ತೋಳಿನ ಮೋಟಾರುಗಳಲ್ಲಿ ಎಷ್ಟೇ ಕಸುವಿದ್ದರೂ ಹಿಂಗಾಲುಗಳು ನೆಲ ಬಿಡುವುದು ಖಚಿತವಿತ್ತು. ಆದರೆ ಮೈಯನ್ನು ಐದೇ ಸೆಂ.ಮೀ. ಹಿಂದಕ್ಕೆ ವಾಲಿಸಿದರೆ ಅದೇ ಮಿತಿ ಸುಮಾರು 38ಕ್ಕೆ ಏರುತ್ತದೆ. ಬಿಗಿಯಾದ ಬಾವಿಹಗ್ಗ ಜಗ್ಗುವವರು ಸೊಂಟವನ್ನು ಹಿಂದಕ್ಕೆ ಕೊಡುವುದೂ ಇದಕ್ಕೇ.

ಹೀಗಾಗಿ ತೋಳನ್ನು ಕಾಲುಗಳು ಹೊರುವ ಹೊರೆಯೆಂದು ಎಣಿಸುವ ಪದ್ಧತಿಯನ್ನು ಕೈಬಿಟ್ಟು, ಅಂಗೈಯ ಬಲವನ್ನೂ ನಾಲ್ಕು ಪಾದಗಳ ಬಲವನ್ನೂ ಒಂದೇ ಸಮೀಕರಣದೊಳಗೆ ತಂದೆ. ಸೆಕೆಂಡಿಗೆ 500 ಬಾರಿ ಬಿಡಿಸುವ ಈ ಲೆಕ್ಕದಲ್ಲಿ ಪಾದ ಜಾರಬಾರದು, ಯಾವ ಮೋಟಾರೂ ತನ್ನ ಮಿತಿ ಮೀರಬಾರದು ಎಂಬ ನಿರ್ಬಂಧಗಳಿರುತ್ತವೆ. ನುಣುಪು ಗ್ರಾನೈಟ್ ನೆಲವನ್ನು ನೆನೆದು ಲೆಕ್ಕದಲ್ಲಿ ಘರ್ಷಣೆಯ ಪ್ರಮಾಣವನ್ನು ನಾನು ಬೇಕೆಂದೇ ಕಡಿಮೆ ಇಟ್ಟೆ. ಎಳೆಯುವಾಗ ಕರ್ಣೀಯ ಕಾಲುಗಳು ಜೋಡಿಯಾಗಿ ಏಳುವ ಓಟದ ನಡಿಗೆ ನಡೆಯದು, ಏಕೆಂದರೆ ಆಗ ಆಸರೆ ಎರಡು ಪಾದಗಳ ನಡುವಿನ ಗೆರೆಯಷ್ಟೇ ಆಗಿರುತ್ತದೆ. ಒಮ್ಮೆಗೆ ಒಂದೇ ಕಾಲು ಎತ್ತುವ ತೆವಳುನಡಿಗೆಯೇ ಗತಿ.

ಬಹಳ ಹೊತ್ತು ಬೇಡಿದ್ದು ಹಿಡಿಕೆಯ ದಾರಿ. ಬಾಗಿಲು ಕೀಲಿನ ಸುತ್ತ ಕಮಾನಿನಂತೆ ಸರಿಯುವುದರಿಂದ ನೇರವಾಗಿ ಎಳೆದಷ್ಟೂ ಬೆರಳುಗಳ ಮೇಲೆ ಅಡ್ಡಬಲ ಬೀಳುತ್ತದೆ. ಆರಂಭದ ಕೆಲವು ಸೆಂ.ಮೀ. ಚಲನೆಯಿಂದಲೇ ವೃತ್ತವನ್ನು ಅಂದಾಜಿಸಿ, ಆ ವೃತ್ತದುದ್ದಕ್ಕೆ ತೋಳನ್ನು ಬಿಗಿಯಾಗಿಯೂ ಕೀಲಿನ ದಿಕ್ಕಿಗೆ ಮೆತುವಾಗಿಯೂ ಇಟ್ಟ ಮೇಲೆ ಹಿಡಿತ ಜಾರುವುದು ನಿಂತಿತು. ಮುಂದಿನದು ಸುಲಭವಿತ್ತು: ಅರ್ಧ ತೆರೆದ ಬಾಗಿಲಿನ ಅಂಚಿಗೆ ಮುಂಗಾಲನ್ನು ಒಡ್ಡಿ, ಹಿಡಿಕೆ ಬಿಟ್ಟು, ತೋಳಿನ ಮೊಣಕೈಯಿಂದ ಬಾಗಿಲನ್ನು ಒಳಮುಖದಿಂದ ತಳ್ಳಿ ನಡೆಯುವುದು.

ಯಂತ್ರಕಲಿಕೆಯಿಂದ ಬಂದ, ಅಂದರೆ ಪದೇಪದೇ ಯತ್ನಿಸಿ ತಾವೇ ಪಳಗಿದ, ನಿಯಂತ್ರಕ ತಂತ್ರಾಂಶಗಳನ್ನು ನಾನು ದೂರವಿಟ್ಟಿಲ್ಲ. ಏರುತಗ್ಗಿನ ನೆಲದಲ್ಲಿ ಬಾಗಿಲವರೆಗೆ ಸಾಗಲು, ಸಿಮ್ಯುಲೇಟರಿನಲ್ಲಿ (ಕಂಪ್ಯೂಟರಿನೊಳಗಿನ ಅಣಕು ಜಗತ್ತಿನಲ್ಲಿ) ನೆಲದ ಜಾರಿಕೆಯನ್ನೂ ತೋಳಿನ ತೂಕವನ್ನೂ ಬದಲಿಸುತ್ತ ಪಳಗಿಸಿದ ನಡಿಗೆಯನ್ನೇ ಬಳಸುತ್ತೇನೆ. ಆದರೆ ಬೆರಳು ಹಿಡಿಕೆಯನ್ನು ಮುಟ್ಟಿದ ಮೇಲೆ ಯಾವ ಪಾದ ಎಷ್ಟು ಭಾರ ಹೊತ್ತಿದೆಯೆಂದು ಕಣ್ಣಾರೆ ಓದಬಲ್ಲ ಲೆಕ್ಕವೇ ನನಗೆ ಬೇಕು, ಮಗುಚುವ ಮುನ್ನ ಹಿಂಗಾಲಿನ ಅಂಕಿ ಸೊನ್ನೆಯತ್ತ ಇಳಿಯುವುದು ಅಲ್ಲಿ ಕಾಣುತ್ತದೆ.