ನೂರು ಮೀಟರ್ ಮರವನ್ನು ಆಕಾಶದಿಂದ ಹುಡುಕುವುದು ಹೇಗೆ?

ಮಲೇಷ್ಯಾದ ಸಬಾ ರಾಜ್ಯದ ಡಾನಂ ಕಣಿವೆಯಲ್ಲಿ ಒಂದು ಹಳದಿ ಮೆರಾಂಟಿ ಮರವಿದೆ. ಎತ್ತರ 100.8 ಮೀಟರ್. ಅಂಥ ದಟ್ಟ ಕಾಡಿನಲ್ಲಿ ಕೆಳಗೆ ನಿಂತು ಕತ್ತೆತ್ತಿದರೆ ಕಾಣುವುದು ಬರೀ ಎಲೆ. ಈ ಮರ 2018ರಲ್ಲಿ ಸಿಕ್ಕಿದ್ದು ವಿಮಾನದಿಂದ ಪಡೆದ ಲೇಸರ್ ಮಾಹಿತಿಯಲ್ಲಿ.

ಮೊದಲು ಬೇಕಾದದ್ದು ಲೈಡಾರ್ ಮಾಹಿತಿ. ವಿಮಾನದಿಂದ ಲೇಸರ್ ಮಿಡಿತಗಳನ್ನು ಕೆಳಗೆ ಬಿಡುತ್ತಾರೆ. ಬೆಳಕು ತಾಗಿ ವಾಪಸ್ ಬರಲು ಹಿಡಿದ ಸಮಯದಿಂದ ದೂರ ಗೊತ್ತಾಗುತ್ತದೆ. ಬೆಳಕು ತಾಗಿದ ಪ್ರತಿ ಜಾಗವೂ ಮಾಹಿತಿಯಲ್ಲಿ ಒಂದು ಬಿಂದು. ನೂರು ಮೀಟರ್ ಮರದ ತುದಿಗೆ ತಾಗಿದ ಬೆಳಕು, ನೆಲಕ್ಕೆ ತಾಗಿದ್ದಕ್ಕಿಂತ ಸುಮಾರು 667 ನ್ಯಾನೋಸೆಕೆಂಡ್ ಮೊದಲೇ ಮರಳುತ್ತದೆ. ನೀವೇ ಪ್ರಯತ್ನಿಸಬೇಕೆಂದರೆ ಅಮೆರಿಕದ ಸರ್ಕಾರಿ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ತನ್ನ ಲೈಡಾರ್ ಫೈಲುಗಳನ್ನು ಉಚಿತವಾಗಿ ಕೊಡುತ್ತದೆ. ನಕ್ಷೆ ಮಾಡುವ ಕ್ಯೂಜಿಐಎಸ್ ಸಾಫ್ಟ್‌ವೇರ್ ಕೂಡ ಪುಕ್ಕಟೆ.

ಆಮೇಲೆ ಎರಡು ನಕ್ಷೆ ಮಾಡಿಕೊಳ್ಳಿ: ಒಂದು ಮರಗಳ ನೆತ್ತಿಯದು, ಇನ್ನೊಂದು ನೆಲದ್ದು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಎತ್ತರದ ನಕ್ಷೆ ಸಿಗುತ್ತದೆ. ಅದರಲ್ಲಿ, ಉದಾಹರಣೆಗೆ, 80 ಮೀಟರ್ ದಾಟಿದ ಜಾಗಗಳನ್ನಷ್ಟೇ ಉಳಿಸಿಕೊಳ್ಳಿ.

ಇಲ್ಲಿ ಸಂಭ್ರಮ ಪಡಬೇಡಿ. ಪಟ್ಟಿಯಲ್ಲಿ ಸುಳ್ಳು ಮರಗಳೂ ಇರುತ್ತವೆ. ಸುತ್ತ ಏನೂ ಇಲ್ಲದೆ ಒಂದೇ ಬಿಂದು ಮೇಲೆ ತೇಲುತ್ತಿದ್ದರೆ ಅದು ಹಕ್ಕಿಯೂ ಆಗಿರಬಹುದು. ಅದನ್ನು ಅಳಿಸುವುದು ಸುಲಭ. ನಿಜವಾದ ತಲೆನೋವು ಇಳಿಜಾರು. ದೈತ್ಯ ಮರಗಳಿಗೂ ಗಾಳಿ ಕಡಿಮೆಯಿರುವ ಕಣಿವೆಗಳೇ ಇಷ್ಟ, ಅಲ್ವಾ! 45 ಡಿಗ್ರಿ ಇಳಿಜಾರಿನಲ್ಲಿ ಮರದ ತುದಿ ಬುಡದಿಂದ 5 ಮೀಟರ್ ಕೆಳಬದಿಗೆ ವಾಲಿದೆ ಎನ್ನಿ. ತುದಿಯ ನೇರ ಕೆಳಗಿನ ನೆಲ ಬುಡಕ್ಕಿಂತ 5 ಮೀಟರ್ ತಗ್ಗಿನಲ್ಲಿರುತ್ತದೆ. ಕಂಪ್ಯೂಟರ್ ಅಲ್ಲಿಂದಲೇ ಎಣಿಸುತ್ತದೆ. ಮರ ಸುಮ್ನೆ 5 ಮೀಟರ್ ಬೆಳೆದುಬಿಡುತ್ತದೆ! ದಟ್ಟ ಕಾಡಿನಲ್ಲಿ ನೆಲ ಮುಟ್ಟುವ ಮಿಡಿತಗಳೇ ಕಡಿಮೆ. ಹಾಗಾಗಿ ನೆಲದ ನಕ್ಷೆಯನ್ನೂ ಪೂರ್ತಿ ನಂಬುವಂತಿಲ್ಲ. ನನ್ನ ಪ್ರಕಾರ ತುದಿಗಿಂತ ಬುಡ ಎಲ್ಲಿದೆಯೆಂದು ತಿಳಿಯುವುದೇ ಕಷ್ಟದ ಕೆಲಸ. ಪ್ರತಿ ಮರದ ಬಿಂದುಗಳನ್ನು ಪಕ್ಕದಿಂದ ಕತ್ತರಿಸಿ ನೋಡಿ, ಕಾಂಡ ನೆಲ ಸೇರುವ ಜಾಗವನ್ನು ಕಣ್ಣಾರೆ ಗುರುತಿಸಿ.

ಉಪಗ್ರಹದಿಂದಾಗದೇ? ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ಜೆಡಿ (GEDI) ಎಂಬ ಲೇಸರ್ ಉಪಕರಣ ಒಂದು ಸಲಕ್ಕೆ ಸುಮಾರು 25 ಮೀಟರ್ ಅಗಲದ ವೃತ್ತವನ್ನು ಅಳೆಯುತ್ತದೆ. ವೃತ್ತಗಳ ನಡುವೆ ಖಾಲಿ ಜಾಗವೂ ಇರುತ್ತದೆ. ಯಾವ ಕಾಡಿನಲ್ಲಿ ಹುಡುಕಬೇಕೆಂದು ತಿಳಿಯಲು ಅದು ಸಾಕು, ಒಂಟಿ ಮರಕ್ಕೆ ಸಾಲದು.

ಕೊನೆಗೆ ಕಾಡಿಗೆ ಹೋಗಲೇಬೇಕು. ಡಾನಂ ಮರವನ್ನು ನೆಲದಿಂದ ಲೇಸರ್ ಸ್ಕ್ಯಾನ್ ಮಾಡಿದರು, ಡ್ರೋನ್ ಕೂಡ ಹಾರಿಸಿದರು. 2019ರ ಜನವರಿಯಲ್ಲಿ ಉಂಡಿಂಗ್ ಜಾಮಿ ಎಂಬ ಸ್ಥಳೀಯ ಮರ ಹತ್ತುಗಾರ ತುದಿಗೇರಿ ಟೇಪ್ ಇಳಿಬಿಟ್ಟರು. 100.8 ಎಂಬ ಅಂಕಿ ಬಂದದ್ದು ಆ ಟೇಪಿನಿಂದ.