ಮನೆ ತಾರಸಿಗೆ ಸೋಲಾರ್: ಖರ್ಚೆಷ್ಟು, ಉಳಿತಾಯವೆಷ್ಟು, ದುಡ್ಡು ಸೋರುವುದೆಲ್ಲಿ

ಸೋಲಾರ್ ಹಾಕಿಸಬೇಕು ಅಂದುಕೊಂಡವರು ಮೊದಲು ತಾರಸಿ ಅಳೆಯುತ್ತಾರೆ, ಇಲ್ಲವೇ ಏಜೆನ್ಸಿಗೆ ಫೋನ್ ಮಾಡುತ್ತಾರೆ. ಅದಕ್ಕೂ ಮುಂಚೆ ಕಳೆದ ಹನ್ನೆರಡು ತಿಂಗಳ ಕರೆಂಟ್ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಕೂರಿ. ಪ್ರತಿ ತಿಂಗಳು ಎಷ್ಟು ಯೂನಿಟ್ ಖರ್ಚಾಗಿದೆ, ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್, ಬಿಲ್ ಯಾರ ಹೆಸರಿನಲ್ಲಿದೆ: ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸೋಲಾರ್ ಲಾಭವೋ ನಷ್ಟವೋ ಎಂಬುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಕರ್ನಾಟಕದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ನಮ್ಮಲ್ಲಿ 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಇದೆ. ತಿಂಗಳಿಗೆ 200 ಯೂನಿಟ್ ಒಳಗೇ ಇದ್ದು ಬಿಲ್ ಸೊನ್ನೆ ಬರುತ್ತಿರುವ ಮನೆಗೆ ಸೋಲಾರ್‌ನಿಂದ ಈಗ ಉಳಿಯುವುದು ಏನೂ ಇಲ್ಲ. ಬೇಸಿಗೆಯ ಒಂದೆರಡು ತಿಂಗಳು ಮಾತ್ರ 200 ದಾಟುವ ಮನೆಯವರೂ ಆತುರಪಡಬೇಕಿಲ್ಲ. ವರ್ಷವಿಡೀ 200 ದಾಟುವವರ ಕಥೆ ಬೇರೆ. ಗಡಿ ದಾಟಿದರೆ ಮೊದಲ ಯೂನಿಟ್‌ನಿಂದಲೇ ಪೂರ್ತಿ ಬಿಲ್ ಕಟ್ಟಬೇಕು. ಮುಂದಿನ ಲೆಕ್ಕವೆಲ್ಲ ಅಂಥ ಮನೆಗಳಿಗೆ.

ಒಂದು ಯೂನಿಟ್‌ನ ಬೆಲೆ

2025-26ರ ದರದಲ್ಲಿ ಗೃಹಬಳಕೆಗೆ ಯೂನಿಟ್‌ಗೆ 5.80 ರೂಪಾಯಿ. ಅದರ ಮೇಲೆ ಶೇ. 9 ವಿದ್ಯುತ್ ತೆರಿಗೆ, ಜೊತೆಗೆ ಪಿಂಚಣಿ ಮತ್ತು ಗ್ರ್ಯಾಚ್ಯುಟಿ ಬಾಬ್ತು 36 ಪೈಸೆ. ಒಟ್ಟು 6.68 ರೂಪಾಯಿ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳು ತಿಂಗಳು ಏರಿಳಿಯುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಸೋಲಾರ್‌ನ ಒಂದು ಯೂನಿಟ್ ನಿಮ್ಮ ಬಳಕೆಯನ್ನು ತುಂಬಿಕೊಟ್ಟಾಗ ಉಳಿಯುವುದು ಈ 6.68 ರೂಪಾಯಿ. ಮಂಜೂರಾದ ಲೋಡ್‌ನ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿಯ ನಿಗದಿತ ಶುಲ್ಕ ಮಾತ್ರ ಎಷ್ಟು ಪ್ಯಾನೆಲ್ ಹಾಕಿದರೂ ಹೋಗುವುದಿಲ್ಲ. ‘ಬಿಲ್ ಪೂರ್ತಿ ಸೊನ್ನೆ ಮಾಡಿಕೊಡುತ್ತೇವೆ’ ಎನ್ನುವ ಏಜೆನ್ಸಿಯವರಿಗೆ ಈ ಸಾಲನ್ನು ತೋರಿಸಿ ಕೇಳಿ.

ಬಳಸಿ ಮಿಕ್ಕಿದ್ದನ್ನು ಎಸ್ಕಾಂ, ಅಂದರೆ ನಿಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿ, ಕೊಳ್ಳುತ್ತದೆ ನಿಜ, ಆದರೆ ನಿಮಗೆ ಮಾರುವ ದರಕ್ಕಲ್ಲ. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ನಿಗದಿಪಡಿಸಿದ ದರವೇ 25 ವರ್ಷದ ಒಪ್ಪಂದದಲ್ಲಿ ಬರುತ್ತದೆ. ಸಬ್ಸಿಡಿ ಪಡೆದ ಸಣ್ಣ ಘಟಕಗಳಿಗೆ ಅದು ಮೂರು ರೂಪಾಯಿಗಿಂತ ಕಡಿಮೆ. ಹಾಗಾಗಿ ಕರೆಂಟ್ ಮಾರಿ ದುಡ್ಡು ಮಾಡುತ್ತೇವೆ ಎಂಬ ಆಸೆ ಬೇಡ. ಲಾಭ ಇರುವುದು ಕೊಳ್ಳದೆ ಉಳಿಸಿದ ಯೂನಿಟ್‌ನಲ್ಲಿ.

ಎಷ್ಟು ಕಿಲೋವ್ಯಾಟ್ ಬೇಕು

ನಮ್ಮ ರಾಜ್ಯದ ಬಿಸಿಲಿಗೆ ಒಂದು ಕಿಲೋವ್ಯಾಟ್ ಘಟಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಮೋಡ, ಧೂಳು, ಕರೆಂಟ್ ಹೋದ ಗಂಟೆಗಳನ್ನು ಕಳೆದು ವರ್ಷಕ್ಕೆ 1,400 ಯೂನಿಟ್ ಎಂದಿಟ್ಟುಕೊಳ್ಳಿ. ತಿಂಗಳ ಸರಾಸರಿ 230-240 ಯೂನಿಟ್ ಇದ್ದರೆ 2 ಕಿಲೋವ್ಯಾಟ್, 350 ಇದ್ದರೆ 3 ಕಿಲೋವ್ಯಾಟ್ ಸಾಕು. ಕಿಲೋವ್ಯಾಟ್‌ಗೆ ನೆರಳಿಲ್ಲದ 100 ಚದರ ಅಡಿ ಜಾಗ ಬೇಕು.

ಕರಾವಳಿ, ಮಲೆನಾಡಿನವರು ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಉತ್ಪಾದನೆ ಜೋರಾಗಿರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಉಡುಪಿ, ಶಿವಮೊಗ್ಗ, ಕೊಡಗಿನ ಕಡೆ ಅದು ಅರ್ಧಕ್ಕೋ ಇನ್ನೂ ಕೆಳಕ್ಕೋ ಇಳಿಯುತ್ತದೆ. ಗ್ರಿಡ್‌ಗೆ ಕೊಟ್ಟ, ಗ್ರಿಡ್‌ನಿಂದ ಪಡೆದ ಯೂನಿಟ್‌ಗಳ ಲೆಕ್ಕ ತಿಂಗಳು ತಿಂಗಳು ಚುಕ್ತಾ ಆಗುವುದರಿಂದ ಮಾರ್ಚ್‌ನಲ್ಲಿ ಮಿಕ್ಕ ಯೂನಿಟ್ ಜುಲೈಗೆ ಒದಗುವುದಿಲ್ಲ. ಅದು ಕಡಿಮೆ ದರಕ್ಕೆ ಮಾರಾಟವಾಗಿರುತ್ತದೆ, ಮಳೆಗಾಲದಲ್ಲಿ ನೀವು ಪೂರ್ತಿ ದರ ಕೊಟ್ಟು ಕೊಳ್ಳುತ್ತೀರಿ. ಆದ್ದರಿಂದ ಅಲ್ಲಿನವರು ಸರಾಸರಿಗಿಂತ ಸ್ವಲ್ಪ ಚಿಕ್ಕ ಘಟಕ ಹಾಕಿಸುವುದೇ ಲೇಸು.

ದೊಡ್ಡದು ಹಾಕಿಸಿದರೆ ಏನಾಗುತ್ತದೆ ನೋಡಿ. ನಾಲ್ಕನೆಯ ಕಿಲೋವ್ಯಾಟ್‌ಗೆ ಸಬ್ಸಿಡಿ ಇಲ್ಲ, ಖರ್ಚು 55,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರ 1,400 ಯೂನಿಟ್ ಮನೆಯ ಬಳಕೆಗೆ ಹೊಂದಿಕೊಂಡರೆ ವರ್ಷಕ್ಕೆ 9,350 ರೂಪಾಯಿ ಉಳಿಯುತ್ತದೆ. ಅದರ ಸಲುವಾಗಿ ಮಂಜೂರಾದ ಲೋಡ್ ಒಂದು ಕಿಲೋವ್ಯಾಟ್ ಏರಿದ್ದರೆ ನಿಗದಿತ ಶುಲ್ಕ 1,740 ಕಳೆಯಿರಿ. ಹಾಕಿದ ದುಡ್ಡು ಏಳೂಕಾಲು ವರ್ಷದಲ್ಲಿ ವಾಪಸ್. ಅದೇ ಯೂನಿಟ್‌ಗಳೆಲ್ಲ ಎರಡೂವರೆ ರೂಪಾಯಿಯಂತೆ ಗ್ರಿಡ್‌ಗೆ ಹೋದರೆ ಬರುವುದು 3,500, ಶುಲ್ಕ ಕಳೆದು 1,760. ಪ್ಯಾನೆಲ್ ಹಳತಾಗಿ ಇಳಿಸುವ ಕಾಲ ಬಂದರೂ ಅಸಲು ಹುಟ್ಟುವುದಿಲ್ಲ.

ಖರ್ಚು ಮತ್ತು ಸಬ್ಸಿಡಿ

2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ ಸಬ್ಸಿಡಿ. ಒಂದು ಮನೆಗೆ ಗರಿಷ್ಠ 78,000. ಅಪಾರ್ಟ್‌ಮೆಂಟ್ ಸಂಘಗಳಿಗೆ ಲಿಫ್ಟ್, ಪಂಪ್, ದೀಪದಂಥ ಸಾಮಾನ್ಯ ಸೌಲಭ್ಯಗಳ ಸಲುವಾಗಿ ಕಿಲೋವ್ಯಾಟ್‌ಗೆ 18,000. ಸರ್ಕಾರ ಈ ಮೊತ್ತ ಹಾಕಿರುವುದು ಕಿಲೋವ್ಯಾಟ್‌ಗೆ 45-50 ಸಾವಿರದ ಮಾನದಂಡ ದರದ ಮೇಲೆ. ಮಾರುಕಟ್ಟೆಯಲ್ಲಿ ಒಳ್ಳೆಯ ಸಾಮಾನಿಗೆ ಅದಕ್ಕಿಂತ ಹೆಚ್ಚೇ ಆಗುತ್ತದೆ. 3 ಕಿಲೋವ್ಯಾಟ್‌ಗೆ 1.7ರಿಂದ 2.1 ಲಕ್ಷದ ನಡುವೆ ಕೊಟೇಶನ್ ಬಂದರೆ ಸಹಜ. ತೀರಾ ಕೆಳಗಿದ್ದರೆ ಎಲ್ಲಿ ಕಡಿತ ಮಾಡಿದ್ದಾರೆಂದು ಹುಡುಕಿ. ಸಾಮಾನ್ಯವಾಗಿ ಅದು ಸ್ಟ್ರಕ್ಚರ್, ಕೇಬಲ್ ಅಥವಾ ಅರ್ಥಿಂಗ್‌ನಲ್ಲಿ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಸಾಮಾನು, ಕೂಲಿ ಸೇರಿದ ಗುತ್ತಿಗೆಗೆ ತೆರಿಗೆ ಒಟ್ಟಾರೆ ಶೇ. 8.9 ಬರಬೇಕು. ಹಳೆಯ ತೆರಿಗೆ ಹಿಡಿದ ಕೊಟೇಶನ್ ಕೊಟ್ಟರೆ ತಿದ್ದಿಸಿ.

1,95,000 ರೂಪಾಯಿಯ 3 ಕಿಲೋವ್ಯಾಟ್ ಘಟಕ ತೆಗೆದುಕೊಳ್ಳೋಣ. ಸಬ್ಸಿಡಿ ಕಳೆದರೆ ಕೈಯಿಂದ 1,17,000. ವರ್ಷಕ್ಕೆ 4,200 ಯೂನಿಟ್, ಎಲ್ಲವೂ ಬಳಕೆಗೆ ಹೊಂದಿಕೊಂಡರೆ 28,000 ರೂಪಾಯಿ ಉಳಿತಾಯ. ಹತ್ತರಲ್ಲಿ ಒಂದು ಪಾಲು ಕಡಿಮೆ ದರಕ್ಕೆ ಮಾರಾಟವಾದರೆ ಅದು 26,300ಕ್ಕೆ ಇಳಿಯುತ್ತದೆ. ಮಂಜೂರಾದ ಲೋಡ್ 2 ಕಿಲೋವ್ಯಾಟ್‌ನಿಂದ 3ಕ್ಕೆ ಏರಿದ್ದರೆ ಇನ್ನೊಂದು 1,740 ಕಳೆದು 24,500. ಅಂತೂ ನಾಲ್ಕೂಕಾಲರಿಂದ ಐದು ವರ್ಷದೊಳಗೆ ಹಾಕಿದ ದುಡ್ಡು ವಾಪಸ್. ಮೂರು ವರ್ಷ ಅನ್ನುವವರ ಮಾತನ್ನು ನಂಬಬೇಡಿ, ಹತ್ತು ವರ್ಷ ಅನ್ನುವವರ ಮಾತಿಗೂ ಹೆದರಬೇಡಿ.

ಬ್ಯಾಂಕ್ ಠೇವಣಿಗೆ ಹೋಲಿಸುವುದಾದರೆ ನ್ಯಾಯವಾಗಿ ಹೋಲಿಸಿ. ಠೇವಣಿಯಲ್ಲಿ ಅಸಲು ಉಳಿಯುತ್ತದೆ, ಇಲ್ಲಿ ಸವೆಯುತ್ತದೆ. ಇಪ್ಪತ್ತು ವರ್ಷದ ಸವಕಳಿಗೆ ವರ್ಷಕ್ಕೆ 5,850, ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿಗೆ ಬದಲಿಸುವ ಇನ್ವರ್ಟರನ್ನು ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಹೊಸದಾಗಿ ಹಾಕಿಸಲು 3,000 ಎತ್ತಿಟ್ಟರೂ 24,500ರಲ್ಲಿ 15,600 ಉಳಿಯುತ್ತದೆ. ಅಷ್ಟೇ ಹಣದ ಠೇವಣಿಗೆ ಶೇ. 7ರಂತೆ ಸಿಗುವುದು 8,190, ಅದಕ್ಕೆ ಆದಾಯ ತೆರಿಗೆಯೂ ಉಂಟು.

ಸಬ್ಸಿಡಿ ಬರುವುದು ಘಟಕ ಚಾಲೂ ಆದ ಮೇಲೆ, ನೇರ ನಿಮ್ಮ ಖಾತೆಗೆ. ಅಲ್ಲಿಯವರೆಗೆ ಪೂರ್ತಿ 1,95,000 ಹೊಂದಿಸಬೇಕು. ಬ್ಯಾಂಕುಗಳು 3 ಕಿಲೋವ್ಯಾಟ್‌ವರೆಗೆ 2 ಲಕ್ಷದ ತನಕ ಅಡಮಾನವಿಲ್ಲದೆ ಸಾಲ ಕೊಡುತ್ತವೆ, ಬಡ್ಡಿ ಗೃಹಸಾಲಕ್ಕಿಂತಲೂ ಕಡಿಮೆ. ಸಬ್ಸಿಡಿ ಬಂದ ದಿನವೇ ಅದನ್ನು ಸಾಲಕ್ಕೆ ಕಟ್ಟಿಬಿಡಿ. ಖರ್ಚಿನ ಹತ್ತರಲ್ಲೊಂದು ಪಾಲನ್ನು ಕೈಯಿಂದ ಹಾಕಿದ್ದರೆ ಉಳಿಯುವ ಒಂದು ಲಕ್ಷದ ಆಸುಪಾಸಿನ ಸಾಲಕ್ಕೆ ಐದು ವರ್ಷದ ಅವಧಿಯಲ್ಲಿ ತಿಂಗಳ ಕಂತು ಎರಡು ಸಾವಿರದ ಒಳಗೇ ನಿಲ್ಲುತ್ತದೆ, ಅಂದರೆ ಬಿಲ್‌ನಲ್ಲಿ ಉಳಿದ ದುಡ್ಡೇ ಕಂತು ಕಟ್ಟುತ್ತದೆ.

ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ

ಅರ್ಜಿ ಹಾಕುವುದು ಪಿಎಂ ಸೂರ್ಯಘರ್‌ನ ರಾಷ್ಟ್ರೀಯ ಪೋರ್ಟಲ್‌ನಲ್ಲಿ. ರಾಜ್ಯ, ಎಸ್ಕಾಂ, ಬಿಲ್‌ನ ಖಾತೆ ಸಂಖ್ಯೆ ಕೊಟ್ಟು ನೋಂದಾಯಿಸಿ, ಪಟ್ಟಿಯಲ್ಲಿರುವ ಏಜೆನ್ಸಿಯನ್ನೇ ಆರಿಸಿಕೊಳ್ಳಬೇಕು. 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಪರಿಶೀಲನೆಗೆ ಕಾಯಬೇಕಿಲ್ಲ, ಇದು 2024ರ ಕೇಂದ್ರ ನಿಯಮ. ಘಟಕ ಕೂರಿಸಿ ಫೋಟೊ ಏರಿಸಿದ ಮೇಲೆ ಎಸ್ಕಾಂನವರು ಬಂದು ಎರಡೂ ಕಡೆ ಓದುವ ಮೀಟರ್ ಹಾಕಿ, ಪರಿಶೀಲಿಸಿ ಚಾಲೂ ಮಾಡುತ್ತಾರೆ. ಆಮೇಲೆ ಬ್ಯಾಂಕ್ ವಿವರ ಕೊಟ್ಟು ಸಬ್ಸಿಡಿ ಕೋರಬೇಕು.

ಕೆಲಸ ಕೆಡುವುದು ಹೆಸರಿನಲ್ಲಿ. ಬಿಲ್ ತೀರಿಕೊಂಡ ತಂದೆಯ ಹೆಸರಿನಲ್ಲೋ ಮನೆ ಮಾರಿದವರ ಹೆಸರಿನಲ್ಲೋ ಇರುತ್ತದೆ, ಬ್ಯಾಂಕ್ ಖಾತೆ ಮಗನದು. ಸಬ್ಸಿಡಿ ಅಲ್ಲೇ ನಿಂತುಬಿಡುತ್ತದೆ. ಮುಂಗಡ ಕೊಡುವ ಮುಂಚೆಯೇ ಸೆಕ್ಷನ್ ಆಫೀಸಿಗೆ ಹೋಗಿ ಹೆಸರು ಬದಲಾವಣೆ ಮುಗಿಸಿ. ಬಿಲ್, ಆಧಾರ್, ಪಾಸ್‌ಬುಕ್ ಮೂರರಲ್ಲೂ ಇನಿಷಿಯಲ್ ಸಮೇತ ಹೆಸರು ಒಂದೇ ಇರಲಿ.

ಎರಡನೆಯ ತೊಡಕು ಪ್ಯಾನೆಲ್. ಸೋಲಾರ್ ಸೆಲ್ಲೂ ಭಾರತದಲ್ಲೇ ತಯಾರಾಗಿರುವ ಡಿಸಿಆರ್ ಪ್ಯಾನೆಲ್‌ಗೆ ಮಾತ್ರ ಸಬ್ಸಿಡಿ. ಅದಕ್ಕಿಂತ ಅಗ್ಗದ ಪ್ಯಾನೆಲ್ ತಂದು ಕೂರಿಸಿದರೆ 78,000 ಕೈತಪ್ಪಿದ ಹಾಗೆಯೇ. ಲಾರಿಯಿಂದ ಇಳಿಸುವಾಗಲೇ ಪ್ರತಿ ಪ್ಯಾನೆಲ್‌ನ ಸೀರಿಯಲ್ ನಂಬರ್ ಫೋಟೊ ತೆಗೆದು, ಡಿಸಿಆರ್ ಪ್ರಮಾಣಪತ್ರದ ಜೊತೆ ತಾಳೆ ನೋಡಿ.

ತಾರಸಿಯ ಮೇಲಿನ ಕೆಲಸ

540 ವ್ಯಾಟ್‌ನ ಆರು ಪ್ಯಾನೆಲ್ ಹಾಕಿದರೆ 3.24 ಕಿಲೋವ್ಯಾಟ್. ಒಂದೊಂದೂ ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ, ಮೂವತ್ತು ಕೆಜಿಯ ಆಸುಪಾಸು. ಆರ್‌ಸಿಸಿ ತಾರಸಿಗೆ ಈ ತೂಕ ದೊಡ್ಡದಲ್ಲ. ಅಪಾಯ ಇರುವುದು ಗಾಳಿ ಅಡಿಯಿಂದ ಎತ್ತುವಾಗ. ಕಾಲುಗಳನ್ನು ಕಾಂಕ್ರೀಟ್ ಪೀಠದಲ್ಲಿ ಕೂರಿಸಿ. ತಾರಸಿಗೆ ನೇರ ತೂತು ಕೊರೆದು ಬೋಲ್ಟ್ ಹಾಕಿದರೆ ವಾಟರ್‌ಪ್ರೂಫಿಂಗ್ ಒಡೆದು ಮುಂದಿನ ಮಳೆಗೇ ಸೀಲಿಂಗ್ ಒದ್ದೆಯಾಗುತ್ತದೆ. ಬಟ್ಟೆ ಒಣಗಿಸಲು, ಹಪ್ಪಳ ಸಂಡಿಗೆ ಹಾಕಲು ಜಾಗ ಉಳಿಯಬೇಕೆಂದರೆ ಏಳೆಂಟು ಅಡಿ ಎತ್ತರದ ಸ್ಟ್ರಕ್ಚರ್ ಬೇಕು. ಅದರ ಹೆಚ್ಚುವರಿ ಖರ್ಚನ್ನು ಕೊಟೇಶನ್‌ನಲ್ಲಿ ಬೇರೆಯಾಗಿ ಬರೆಸಿ.

ಮುಖ ದಕ್ಷಿಣಕ್ಕೆ, ಓರೆ 10ರಿಂದ 15 ಡಿಗ್ರಿ. ನೆರಳನ್ನು ಡಿಸೆಂಬರ್ ತಿಂಗಳ ಬೆಳಿಗ್ಗೆ ಒಂಬತ್ತಕ್ಕೂ ಸಂಜೆ ನಾಲ್ಕಕ್ಕೂ ನೋಡಬೇಕು, ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನೀರಿನ ಟ್ಯಾಂಕ್, ಮೆಟ್ಟಿಲ ಹೆಡ್‌ರೂಮ್, ಪಕ್ಕದ ಸೈಟಿನ ತೆಂಗಿನ ಮರ ಇವೇ ಮುಖ್ಯ ಶತ್ರುಗಳು. ಪ್ಯಾನೆಲ್‌ಗಳು ಸರಣಿಯಲ್ಲಿರುವುದರಿಂದ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗುತ್ತದೆ.

ಅರ್ಥಿಂಗ್ ಗುಂಡಿ ಮೂರು ಬೇಕು: ಡಿಸಿ ಕಡೆಗೊಂದು, ಎಸಿ ಕಡೆಗೊಂದು, ಸಿಡಿಲು ನಿರೋಧಕಕ್ಕೆ ಪ್ರತ್ಯೇಕ ಒಂದು. ಮೂರನ್ನೂ ಒಂದಕ್ಕೇ ಸೇರಿಸಿದರೆ ಸಿಡಿಲಿನ ಹೊಡೆತ ಇನ್ವರ್ಟರ್‌ಗೇ ದಾರಿ ಹಿಡಿಯಬಹುದು. ಡಿಸಿ ಕೇಬಲ್ ಸೋಲಾರ್‌ಗೆಂದೇ ಮಾಡಿದ 4 ಚದರ ಮಿಲಿಮೀಟರ್‌ನದಾಗಿರಲಿ, ಕನೆಕ್ಟರ್‌ನ ಎರಡೂ ತುದಿ ಒಂದೇ ಕಂಪನಿಯದಾಗಿರಲಿ. ಬೇರೆ ಬೇರೆ ಜೋಡಿಸಿದರೆ ಸಡಿಲ ಸಂಪರ್ಕ ಬಿಸಿಯಾಗಿ ಬೆಂಕಿ ಹತ್ತುತ್ತದೆ.

ಬ್ಯಾಟರಿ ಇಲ್ಲದ ಘಟಕ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ, ಎಷ್ಟೇ ಬಿಸಿಲಿರಲಿ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಕಾಯಲು ಇರುವ ವ್ಯವಸ್ಥೆ ಅದು, ದೋಷವಲ್ಲ. ಮನೆಯಲ್ಲಿರುವ ಯುಪಿಎಸ್ ಮೊದಲಿನಂತೆ ಇರಲಿ. ಉಳಿತಾಯಕ್ಕೆಂದು ಬ್ಯಾಟರಿ ಹಾಕಿಸಿದರೆ ಗೃಹಬಳಕೆಯ ನೆಟ್ ಮೀಟರಿಂಗ್‌ನಲ್ಲಿ (ಗ್ರಿಡ್‌ಗೆ ಕೊಟ್ಟ ಯೂನಿಟ್‌ಗಳನ್ನು ಪಡೆದ ಯೂನಿಟ್‌ಗಳಿಗೆ ವಜಾ ಮಾಡುವ ಪದ್ಧತಿ) ಅದರ ಖರ್ಚು ಹುಟ್ಟುವುದಿಲ್ಲ. ದಿನಕ್ಕೆ ಗಂಟೆಗಟ್ಟಲೆ ಕರೆಂಟ್ ಹೋಗುವ ಊರಿನವರು ಮಾತ್ರ ಬ್ಯಾಟರಿಯನ್ನೂ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರ್ ಬಗ್ಗೆ ಯೋಚಿಸಲಿ.

ಚಾಲೂ ಆದ ಮೇಲೆ

ಮೊದಲ ಬಿಲ್ ಬಂದಾಗ ಗಾಬರಿಯಾಗುವವರೇ ಹೆಚ್ಚು. ಇನ್ವರ್ಟರ್ ಆ್ಯಪ್ 360 ಯೂನಿಟ್ ಉತ್ಪಾದನೆ ತೋರಿಸುತ್ತದೆ, ಬಿಲ್‌ನಲ್ಲಿ ರಫ್ತು 230 ಮಾತ್ರ. ಉಳಿದ 130 ಎಲ್ಲೂ ಹೋಗಿಲ್ಲ, ಹಗಲಲ್ಲೇ ಫ್ರಿಜ್, ಫ್ಯಾನ್, ಮಿಕ್ಸಿಗೆ ಖರ್ಚಾಗಿದೆ. ಆ ತಿಂಗಳು ಗ್ರಿಡ್‌ನಿಂದ 210 ಬಂದಿದ್ದರೆ ಮನೆಯ ನಿಜವಾದ ಬಳಕೆ 340, ನಿಮ್ಮ ಲೆಕ್ಕದಲ್ಲಿ 20 ಯೂನಿಟ್ ಜಮೆ.

ಉತ್ಪಾದನೆ ಕುಸಿದರೆ ಧೂಳನ್ನು ದೂರುವ ಮುಂಚೆ ಮಧ್ಯಾಹ್ನ ಹನ್ನೆರಡರಿಂದ ಎರಡರ ನಡುವೆ ಆ್ಯಪ್‌ನ ಗ್ರಾಫ್ ನೋಡಿ. ರೇಖೆ ಪದೇ ಪದೇ ಸೊನ್ನೆಗೆ ಬಿದ್ದು ಏಳುತ್ತಿದ್ದರೆ ಬಹುಪಾಲು ವೋಲ್ಟೇಜ್ ಮಿತಿ ಮೀರಿ ಇನ್ವರ್ಟರ್ ಆಫ್ ಆಗುತ್ತಿದೆ ಎಂದೇ ಅರ್ಥ. ಇನ್ವರ್ಟರ್‌ನಿಂದ ಮೀಟರ್‌ವರೆಗಿನ ಕೇಬಲ್ ತೆಳುವಾಗಿದ್ದರೆ ದಪ್ಪದ್ದು ಹಾಕಿಸಿ. ಲೈನ್‌ನಲ್ಲೇ ವೋಲ್ಟೇಜ್ ಹೆಚ್ಚಿದ್ದರೆ ಸೆಕ್ಷನ್ ಆಫೀಸಿಗೆ ಲಿಖಿತ ದೂರು ಕೊಟ್ಟು ಟ್ರಾನ್ಸ್‌ಫಾರ್ಮರ್ ಟ್ಯಾಪ್ ಬದಲಿಸಲು ಕೇಳಿ. ಬಿಸಿಲೇರಿದ ಹೊತ್ತಿನ ಒಂದು ಗಂಟೆ ಹೋದರೆ 3 ಕಿಲೋವ್ಯಾಟ್ ಘಟಕದಲ್ಲಿ ಎರಡು ಯೂನಿಟ್‌ಗೂ ಹೆಚ್ಚು ನಷ್ಟ, ದಿನವೂ ಹೀಗಾದರೆ ತಿಂಗಳಿಗೆ ನಾನೂರು ರೂಪಾಯಿ.

ತೊಳೆಯುವುದು ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮುಂಚೆ, ಮೆತ್ತನೆಯ ಬಟ್ಟೆಯಲ್ಲಿ. ಗಡಸು ಬೋರ್‌ವೆಲ್ ನೀರು ಹಾಕಿ ಒಣಗಲು ಬಿಟ್ಟರೆ ಬಿಳಿ ಕಲೆ ಕೂತು ಬೆಳಕನ್ನೇ ತಡೆಯುತ್ತದೆ. ಅದೊಂದೇ ನೀರು ಸಿಗುವ ಕಡೆ ತೊಳೆದ ಕೂಡಲೇ ರಬ್ಬರ್ ವೈಪರ್‌ನಲ್ಲಿ ಪೂರ್ತಿ ಎಳೆದುಬಿಡಿ.